ತಂತಿ ಕಿತ್ತು ನೋಡಿ ಮಾರಿದ ಆಟಗಳು

ತಂಗಿಯ ಮಗಳು ವೀಣಾ ಮಂಗಳೂರಿನ ಒಂದು ವಿಡಿಯೋ ಗೇಮ್ ಅಂಗಡಿಯ ಕೌಂಟರಿಗೆ ಸೇರಿದ್ದಾಳೆ. ಸೇರಿದ ವಾರವೇ ಫೋನ್ ಮಾಡಿದಳು.

"ದೊಡ್ಡಮ್ಮ, ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಡಿಸ್ಕ್ ತಗೊಳ್ಳುವುದಾ, ಡೌನ್‌ಲೋಡ್ ಮಾಡುವುದಾ ಅಂತ. ನಾನು ಎಂತ ಹೇಳುವುದು?"

"ಈಗ ಎಂತ ಹೇಳ್ತಾ ಇದ್ದಿ?"

"ಡಿಸ್ಕ್ ಅಂತ. ನಮ್ಮಲ್ಲಿ ಸ್ಟಾಕ್ ಉಂಟಲ್ಲ!"

ನಕ್ಕುಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ ಇದು, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತ ಮೇಲೆ, ಇದು ಅವಳೊಬ್ಬಳಿಗೇ ಏಕೆ, ಈ ಕೆಲಸಕ್ಕೆ ಹೊಸದಾಗಿ ಬರುವ ಎಲ್ಲರಿಗೂ ಇರಲಿ ಅನ್ನಿಸಿತು.

ನಾನು ಮಂಜೇಶ್ವರದ ಕಡೆಯವಳು. ಕನ್ನಡ ನನಗೆ ಬಂದದ್ದು ಅಜ್ಜಿಯ ಬಾಯಿಂದ ಮತ್ತು ಸಂಜೆ ಜಗಲಿಯಲ್ಲಿ ಕೂತು ಊರಿನವರ ಸುದ್ದಿಯನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ ದೊಡ್ಡಪ್ಪನ ಬಾಯಿಂದ. ಮದುವೆಯಾಗಿ ಎರ್ನಾಕುಲಕ್ಕೆ ಬಂದೆ. ಯಜಮಾನರಿಗೆ ಅಂಬಲಮುಗಳ್‌ನ ರಿಫೈನರಿಯಲ್ಲಿ ಕೆಲಸ. ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ಮನೆಯಲ್ಲಿ ಕೂತಿರಲಾಗದೆ ಕುರಿಯಚ್ಚನ್ ಚೇಟನ್ ಅವರ ಅಂಗಡಿ ಸೇರಿದೆ. ಚೇಟನ್ ಅಂದರೆ ಅಣ್ಣ. ಎರ್ನಾಕುಲಂನಲ್ಲಿ ಅಂಗಡಿಯ ಮಾಲೀಕನೂ ಅಣ್ಣನೇ, ಆಟೋದವನೂ ಅಣ್ಣನೇ. ಆಗ ಅದು ಕಂಪ್ಯೂಟರಿನ ಕೀಬೋರ್ಡು, ಮೌಸು, ಖಾಲಿ ಸೀಡಿ ಮಾರುವ ಅಂಗಡಿ. ಆಟಗಳು ಒಂದು ಮೂಲೆಯಲ್ಲಿದ್ದವು. ಕೆಲವೇ ವರ್ಷಗಳಲ್ಲಿ ಆ ಮೂಲೆ ಇಡೀ ಅಂಗಡಿಯನ್ನು ನುಂಗಿ ಕುಳಿತಿತು. ನಾನು ಎಲ್ಲರಿಗೂ ಜಲಜ ಚೇಚಿ, ಅಂದರೆ ಜಲಜಕ್ಕ ಆದೆ. ಯಜಮಾನರು ನಿವೃತ್ತರಾದ ಸಮಯಕ್ಕೆ ಸರಿಯಾಗಿ ಚೇಟನ್ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಶಾಖೆ ತೆರೆದರು. ಅದನ್ನು ನೋಡಿಕೊಳ್ಳಲು ನಾನು ಹೋದೆ, ನನ್ನನ್ನು ನೋಡಿಕೊಳ್ಳಲು ಯಜಮಾನರು ಬಂದರು.

ನನಗೆ ಆಡಲು ಬರುತ್ತದೆಯೇ ಎಂದು ಕೇಳಬೇಡಿ. ಒಗಟಿನ ಆಟ, ಅಡುಗೆಯ ಆಟ, ಊರು ಕಟ್ಟುವ ಆಟ ಚೆನ್ನಾಗಿಯೇ ಆಡುತ್ತೇನೆ. ಕಾರಿನ ರೇಸು ಮಾತ್ರ ಆಗದು. "ಜಲಜೇ, ನೀನು ಓಡಿಸುವಾಗ ಕಾರಿಗಲ್ಲ, ಗೋಡೆಗೆ ಇನ್ಶೂರೆನ್ಸ್ ಬೇಕು" ಎಂದು ಕುರಿಯಚ್ಚನ್ ಚೇಟನ್ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು.

ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಕೌಂಟರಿಗೆ ಮೊಣಕೈ ಊರಿ ನಿಂತೇ ಇರುತ್ತಿದ್ದರು. ಗಟ್ಟಿ ಗಂಟಲು, ಬೇಗ ಸಿಟ್ಟು, ಅದಕ್ಕಿಂತ ಬೇಗ ನಗು. ವ್ಯಾಪಾರದ ಬಗ್ಗೆ ಅವರು ನನಗೆ ಕಲಿಸಿದ್ದು ಒಂದೇ ಮಾತು: "ಮನೆಗೆ ಹೋಗಿ ಹಾಕಿದರೆ ಅದು ಆಡಬೇಕು. ಇಲ್ಲಿ ಆಡಿದರೆ ಸಾಲದು." ಆ ಮಾತಿನ ಅರ್ಥ ನನಗೂ ಅವರಿಗೂ ಪೂರ್ತಿ ತಿಳಿದದ್ದು ಬಹಳ ತಡವಾಗಿ. ಅದನ್ನು ಹೇಳುತ್ತೇನೆ, ಸ್ವಲ್ಪ ತಾಳಿ.

ಮೊದಲು ಮಳೆಗಾಲದ ಕಥೆ. ಜೂನ್ ಬಂತೆಂದರೆ ಇಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು. ಡಿಸ್ಕಿಗೂ ಹಿಡಿಯುತ್ತದೆ ಎಂದು ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ಒಂದು ದಿನ ಒಬ್ಬ ಕಾಲೇಜು ಹುಡುಗಿ ಅಳುಮುಖ ಮಾಡಿಕೊಂಡು ಬಂದಳು. ಡಿಸ್ಕ್ ಕೈಗೆ ತೆಗೆದುಕೊಂಡೆ, ಜಾರಿತು. ಮೂಗಿನ ಹತ್ತಿರ ತಂದರೆ ತೆಂಗಿನೆಣ್ಣೆಯ ಪರಿಮಳ!

"ಇದಕ್ಕೆ ಎಂತ ಮಾಡಿದ್ದು ಮೋಳೆ?" ಎಂದೆ. ಮೋಳೆ ಅಂದರೆ ಮಗಳೇ.

"ನಾನಲ್ಲ ಚೇಚಿ, ಅಜ್ಜಿ. ಬಿಳಿ ಬಿಳಿ ಕಂಡಿತಂತೆ. ನನ್ನ ತಲೆಗೆ ಹಚ್ಚಿ ಉಳಿದದ್ದನ್ನು ಇದಕ್ಕೂ ಹಚ್ಚಿದ್ದಾರೆ."

ಅಜ್ಜಿಗೆ ಮೊಮ್ಮಗಳ ಮೇಲಿರುವಷ್ಟೇ ಪ್ರೀತಿ ಡಿಸ್ಕಿನ ಮೇಲೂ ಇತ್ತಲ್ಲ ಎಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನು ಒರೆಸಿ ಸರಿಮಾಡಿಯೂ ಕೊಟ್ಟೆ. ಒರೆಸುವ ಕ್ರಮ ಕೇಳಿ: ಮೆತ್ತಗಿನ ಒಣ ಬಟ್ಟೆ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ. ದೋಸೆಕಾವಲಿಗೆ ಎಣ್ಣೆ ಸವರಿದ ಹಾಗೆ ಸುತ್ತು ತಿರುಗಿಸಬಾರದು. ಸುತ್ತ ಬಿದ್ದ ಗೀರು ಡಿಸ್ಕನ್ನು ಕೊಲ್ಲುತ್ತದೆ, ಅಡ್ಡ ಬಿದ್ದ ಗೀರನ್ನು ಯಂತ್ರ ಹೇಗೋ ದಾಟಿಕೊಳ್ಳುತ್ತದೆ. ಮನೆಯಲ್ಲಿ ತೇವ ಇದೆ, ಒರೆಸುವ ತಾಳ್ಮೆ ಇಲ್ಲ ಎಂದು ಕಂಡರೆ, ನಿಮ್ಮಲ್ಲಿ ಎಷ್ಟೇ ಸ್ಟಾಕ್ ಇರಲಿ, ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿ. ಹಾಗೆ ಕಳಿಸಿದವರು ಚಾರ್ಜರಿಗೋ ಹೆಡ್‌ಸೆಟ್ಟಿಗೋ ನಿಮ್ಮ ಹತ್ತಿರವೇ ಮರಳಿ ಬರುತ್ತಾರೆ. ಇದು ನನ್ನ ಗ್ಯಾರಂಟಿ.

ಇನ್ನು ಡಿಸ್ಕೇ ಬೇಕಾದವರು ಯಾರು? ಯಜಮಾನರ ರಿಫೈನರಿಯ ಮೂವರು ಗೆಳೆಯರಿದ್ದರು, ಮೂವರದ್ದೂ ಬೇರೆ ಬೇರೆ ಶಿಫ್ಟು. ಮೂವರೂ ಸೇರಿ ಒಂದು ಫುಟ್‌ಬಾಲ್ ಆಟದ ಡಿಸ್ಕ್ ಕೊಂಡರು. ಒಬ್ಬ ಕೆಲಸ ಮುಗಿಸಿ ಗೇಟಿನಿಂದ ಹೊರಬರುವಾಗ ಒಳಗೆ ಹೋಗುವವನು ಡಿಸ್ಕನ್ನು ಅವನ ಕೈಗೆ ಕೊಡುತ್ತಿದ್ದ. ಚಹಾದ ಅಂಗಡಿಯ ಮುಂದೆ ಅದೊಂದು ದಿನಚರಿಯೇ ಆಗಿಹೋಯಿತು. ವರ್ಷದ ಕೊನೆಗೆ ಅದನ್ನು ನಮ್ಮ ಅಂಗಡಿಗೇ ತಂದು ಹೊಸದಕ್ಕೆ ಬದಲಾಯಿಸಿಕೊಂಡರು. ಅಂಥವರಿಗೆ ಡೌನ್‌ಲೋಡ್ ಕೊಟ್ಟು ಏನು ಮಾಡುತ್ತೀರಿ? ಅದನ್ನು ಗೇಟಿನಲ್ಲಿ ಕೈಗೆ ಕೊಡಲಾಗುತ್ತದೆಯೇ?

ಶ್ರೀಕಾರ್ಯಂನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಇದೇ ಸಂಗತಿ ತಿರುಗುಮುರುಗಾಯಿತು. ಅಲ್ಲಿಯ ಒಬ್ಬ, "ಚೇಚಿ, ನನ್ನ ಡಿಸ್ಕ್ ಈಗ ಯಾವ ರೂಮಿನಲ್ಲಿದೆಯೋ ಗೊತ್ತಿಲ್ಲ. ಮೊನ್ನೆ ಮೂರನೇ ಮಹಡಿಯಲ್ಲಿ ಕಂಡವರಿದ್ದಾರೆ" ಎಂದ, ತಪ್ಪಿಸಿಕೊಂಡ ಬೆಕ್ಕಿನ ಬಗ್ಗೆ ಹೇಳುವಂತೆ. ಅವನಿಗೆ ಡೌನ್‌ಲೋಡೇ ಸರಿ. ಕೈ ಬದಲಾಗುವುದು ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಕಾಟ. ಅದಕ್ಕೇ ಹೇಳುವುದು, ಆಟ ಯಾವುದೆಂದು ಕೇಳುವ ಮೊದಲು ಮನೆ ಎಲ್ಲಿ, ಮನೆಯಲ್ಲಿ ಯಾರ್‍ಯಾರು ಎಂದು ಕೇಳಿ.

ಖಾಲಿ ಡಬ್ಬಿಯ ವಕೀಲರನ್ನು ಮರೆಯುವಂತಿಲ್ಲ. ಕೆಲವು ಆಟಗಳು ಡಿಸ್ಕಿಲ್ಲದ ಡಬ್ಬಿಯಲ್ಲಿ ಬರುತ್ತವೆ. ಒಳಗೆ ಒಂದು ಸಂಕೇತ ಮುದ್ರಿಸಿದ ಕಾಗದವಷ್ಟೇ, ಅದನ್ನು ಯಂತ್ರಕ್ಕೆ ಹೇಳಿ ಡೌನ್‌ಲೋಡ್ ಮಾಡಿಕೊಳ್ಳಬೇಕು. ಕುರಿಯಚ್ಚನ್ ಚೇಟನ್ ಡಬ್ಬಿಯ ಚಂದ ನೋಡಿ ಒಂದು ಅಟ್ಟಿಯನ್ನೇ ತರಿಸಿಬಿಟ್ಟಿದ್ದರು. ಎರ್ನಾಕುಲಂನ ಒಬ್ಬ ಹಿರಿಯ ವಕೀಲರು ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಒಂದನ್ನು ಕೊಂಡವರು, ಮರುದಿನ ಕಪ್ಪು ಕೋಟಿನಲ್ಲೇ ಬಂದು ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದರು.

"ಖಾಲಿ ಡಬ್ಬಿ ಮಾರುತ್ತೀರಾ? ಗ್ರಾಹಕರ ಕೋರ್ಟು ಇಲ್ಲಿಂದ ನಡೆದು ಹೋಗುವಷ್ಟೇ ದೂರ!"

ಚೇಟನ್ ಡಬ್ಬಿ ಅಲ್ಲಾಡಿಸಿದರು. ಕಾಗದ ಬಿತ್ತು. "ಇದೇ ಆಟ ಸಾರ್."

ವಕೀಲರು ಕನ್ನಡಕ ಏರಿಸಿ ಅದನ್ನು ಹಿಂದುಮುಂದು ನೋಡಿದರು. "ಇದು ಆಟವೋ, ಆಟಕ್ಕೆ ಹಾಕುವ ಅರ್ಜಿಯೋ?"

ಅವರ ಸಿಟ್ಟು ಇಳಿದದ್ದು ಹೇಗೆಂದರೆ, ಮೊಮ್ಮಗ ಇದ್ದದ್ದು ಪುಣೆಯಲ್ಲಿ. ಡಬ್ಬಿಯನ್ನು ಕೊರಿಯರ್ ಮಾಡಬೇಕೆಂದಿದ್ದರು. "ಸಾರ್, ಕಳಿಸುವುದೇ ಬೇಡ. ಫೋನಿನಲ್ಲಿ ಅಕ್ಷರಗಳನ್ನು ಓದಿಬಿಡಿ" ಎಂದೆ. ನಿಂತಲ್ಲೇ ಓದಿದರು, ಕಟಕಟೆಯಲ್ಲಿ ಸಾಕ್ಷಿಗೆ ಪ್ರಮಾಣವಚನ ಬೋಧಿಸುವಂತೆ ಒಂದೊಂದೇ ಅಕ್ಷರ ಬಿಡಿಸಿ. ಆಚೆಯಿಂದ ಮಗುವಿನ ಕೂಗು ಇಡೀ ಅಂಗಡಿಗೆ ಕೇಳಿಸಿತು. ಆಮೇಲೆ ಅವರು ಬಂದಾಗಲೆಲ್ಲ "ಅರ್ಜಿ ಇದೆಯಾ?" ಎಂದೇ ಕೇಳುತ್ತಿದ್ದರು.

ಇಷ್ಟೆಲ್ಲ ನಗುವ ಕಥೆಗಳು. ನಮ್ಮ ಅಂಗಡಿಯ ಕೆಲಸದ ರೀತಿಯನ್ನೇ ಬದಲಾಯಿಸಿದವರು ಕೋಯ ಮಾಷ್.

ಮಾಷ್ ಅಂದರೆ ಮೇಷ್ಟ್ರು. ಲಕ್ಷದ್ವೀಪದ ಒಂದು ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ದ್ವೀಪಕ್ಕೆ ಹಡಗು ಹೋಗುವುದು ಕೊಚ್ಚಿಯಿಂದ. ಹಾಗಾಗಿ ಅಲ್ಲಿಯವರು ಸೈಕಲ್ಲಿನಿಂದ ಹಿಡಿದು ಮದುವೆ ಬಟ್ಟೆಯವರೆಗೆ ಎಲ್ಲವನ್ನೂ ಎರ್ನಾಕುಲಂನಲ್ಲೇ ಕೊಳ್ಳುತ್ತಾರೆ. ಆಗ ದ್ವೀಪದಲ್ಲಿ ಇಂಟರ್‌ನೆಟ್ ಅಂದರೆ ಹೆಸರಿಗೆ ಮಾತ್ರ. ಒಂದು ಫೋಟೋ ಕಳಿಸಿ ಊಟ ಮಾಡಿ ಬಂದರೂ ಅದು ಹೋಗುತ್ತಲೇ ಇರುತ್ತಿತ್ತು. ಮಾಷ್ ರಜೆಗೆಂದು ಬಂದವರು ಆಟ ಆಡಿಸುವ ಕನ್ಸೋಲ್ ಯಂತ್ರವನ್ನೂ ಒಂದು ಆಟವನ್ನೂ ಕೊಂಡರು. "ನೆಟ್ ಇಲ್ಲದ ಊರಿಗೆ ಡಿಸ್ಕೇ ಅಲ್ಲವೇ?" ಎಂದು ಅವರು ಕೇಳಿದರು, "ಮತ್ತೆ ಅಲ್ಲದೆ?" ಎಂದು ಕುರಿಯಚ್ಚನ್ ಚೇಟನ್ ಎದೆ ತಟ್ಟಿ ಹೇಳಿದರು. ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ಮಾಷ್ ಮತ್ತೆ ಕಾಣಿಸಿಕೊಂಡದ್ದು ಮುಂದಿನ ರಜೆಯಲ್ಲಿ. ಸಿಟ್ಟಿಲ್ಲ, ಜೋರಿಲ್ಲ.

"ಆಟ ಹೇಗಿತ್ತು ಮಾಷೇ?" ಎಂದು ಚೇಟನ್ ಕೇಳಿದರು.

"ಚಿತ್ರ ಚೆನ್ನಾಗಿತ್ತು."

"ಯಾವ ಚಿತ್ರ?"

"ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ ಅಂತ ಒಂದು ಚಿತ್ರ ಬರುತ್ತದಲ್ಲ, ಅದು. ಇಡೀ ಕುಟುಂಬ ಕೂತು ನೋಡಿದೆವು. ನೆರೆಮನೆಯವರೂ ಬಂದಿದ್ದರು."

ಚೇಟನ್ ಮುಖ ನೋಡಬೇಕಿತ್ತು. ನಾವು ಡಿಸ್ಕಿನಲ್ಲಿ ಇಡೀ ಆಟ ಇರುತ್ತದೆ ಎಂದು ತಿಳಿದಿದ್ದ ಕಾಲ ಕಳೆದುಹೋಗಿತ್ತು. ಹಲವು ಆಟಗಳಲ್ಲಿ ಡಿಸ್ಕ್ ಬರೀ ಬೀಗದ ಕೈ. ಮನೆ ತೆರೆಯುತ್ತದೆ, ಒಳಗಿನ ಸಾಮಾನು ನೆಟ್ಟಿನಿಂದ ಬರಬೇಕು. ಅಂಗಡಿಯ ಯಂತ್ರಕ್ಕೆ ಯಾವಾಗಲೂ ನೆಟ್ಟಿನ ತಂತಿ ಚುಚ್ಚಿರುತ್ತಿದ್ದರಿಂದ ನಮಗದು ಗೊತ್ತೇ ಆಗಿರಲಿಲ್ಲ.

ಚೇಟನ್ ಯಂತ್ರದ ಹಿಂದೆ ಹೋಗಿ ನೆಟ್ಟಿನ ತಂತಿಯನ್ನು ಪಟಕ್ಕನೆ ಕಿತ್ತರು. ಏನೂ ತುಂಬಿರದ ಒಂದು ಹೊಸ ಯಂತ್ರ ತೆಗೆದು, ಕಪಾಟಿನ ಡಿಸ್ಕುಗಳನ್ನು ಒಂದೊಂದಾಗಿ ಹಾಕಿ ಆಡಿ ನೋಡಲು ಕೂತರು. ಹೌದು, ಕೂತರು ಎಂದರೆ ನಿಂತೇ. ಮಾಷ್ ಪಕ್ಕದಲ್ಲಿ ನಿಂತು ಯಾವುದು ತೆರೆಯಿತು, ಯಾವುದು ಕೈಕೊಟ್ಟಿತು ಎಂದು ಪರೀಕ್ಷೆಯ ಫಲಿತಾಂಶ ಓದುವ ಸ್ವರದಲ್ಲಿ ಹೇಳುತ್ತಿದ್ದರು: "ಪಾಸ್. ಪಾಸ್. ಇವನು ಫೇಲ್, ತಂದೆಯನ್ನು ಕರೆದುಕೊಂಡು ಬರಲಿ." ಪಾಸಾದವುಗಳ ಬೆನ್ನಿಗೆ ನಾನು ಹಸಿರು ಚುಕ್ಕಿ ಅಂಟಿಸಿದೆ. ಅಂದಿನಿಂದ ನಮ್ಮಲ್ಲಿ ಅದಕ್ಕೆ ದ್ವೀಪದ ಟೆಸ್ಟ್ ಎಂದೇ ಹೆಸರಾಯಿತು. ನೆಟ್ ಸರಿಯಿಲ್ಲದ ಕಡೆಗೆ ಹೋಗುವ ಯಾವ ಆಟವನ್ನೂ ತಂತಿ ಕಿತ್ತು ನೋಡದೆ ಕೊಡುವಂತಿಲ್ಲ. ಹಡಗಿನ ಕೆಲಸದವರು, ಇಡುಕ್ಕಿಯ ಗುಡ್ಡದ ಮೇಲಿನವರು ಎಲ್ಲರೂ ಹಸಿರು ಚುಕ್ಕಿ ಕೇಳಿಕೊಂಡು ಬರತೊಡಗಿದರು.

ಶೈಲಜಾ ನನ್ನ ಬಳಿ ಬಂದದ್ದೂ ಆ ಟೆಸ್ಟಿನ ಹೆಸರು ಕೇಳಿಯೇ. ಆಗ ನಾನು ಶ್ರೀಕಾರ್ಯಂನಲ್ಲಿದ್ದೆ. ಧಾರವಾಡದವರು, ಬ್ಯಾಂಕಿನ ಅಧಿಕಾರಿ. ಗಂಡ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಕನ್ನಡದವಳೆಂದು ಗೊತ್ತಾದ ಕೂಡಲೇ ಅವರ ಭುಜ ಸಡಿಲವಾಯಿತು.

"ಅಕ್ಕಾರ, ನನಗ ದ್ವೀಪದ ಬ್ರ್ಯಾಂಚಿಗೆ ಟ್ರಾನ್ಸ್‌ಫರ್ ಆಗೇತ್ರಿ. ಮಗಳು ಒಂಬತ್ತನೇ ಕ್ಲಾಸಿನಾಗ ಅದಾಳ, ಸಾಲಿ ಬಿಡಿಸಿ ಕರ್ಕೊಂಡ್ ಹೋಗಾಕ ಬರಂಗಿಲ್ಲ. ಆಕಿ ಅಪ್ಪನ ಕೂಡ ಇಲ್ಲೇ ಇರ್ತಾಳ. ನನಗ ಬ್ಯಾರೆ ಏನೂ ಬ್ಯಾಡ್ರಿ. ನಮ್ಮ ಊರು ಒಂದು ಉಳೀಬೇಕು."

"ಯಾವ ಊರು?"

ಆ ಊರು ಧಾರವಾಡವಾಗಿರಲಿಲ್ಲ. ಊರು ಕಟ್ಟುವ ಒಂದು ಆಟದಲ್ಲಿ ತಾಯಿ ಮಗಳು ಸೇರಿ ವರ್ಷಗಳಿಂದ ಕಟ್ಟಿಕೊಂಡು ಬಂದ ಊರು. ಹೆಸರು ಪ್ಯಾರಲಪುರ, ಧಾರವಾಡದ ಕಡೆ ಪೇರಳೆಹಣ್ಣಿಗೆ ಪ್ಯಾರಲ ಅನ್ನುತ್ತಾರೆ. ಅದರಲ್ಲಿ ಓಣಿಗಳು, ಕೆರೆ, ಸಂತೆ, ಗಿರಣಿ ಎಲ್ಲ ಇತ್ತು. ಪ್ರತಿ ಓಣಿಗೂ ಹೆಸರಿಟ್ಟದ್ದು ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ.

"ಮೇಘಾಗ ಕನ್ನಡ ಎಲ್ಲಾ ತಿಳಿತೈತ್ರಿ. ಆದ್ರ ಮನ್ಯಾಗ ನಾ ಏನ್ ಕೇಳಿದ್ರೂ ಮಲಯಾಳದಾಗ ಉತ್ರ, ಇಲ್ಲಾ ಇಂಗ್ಲಿಷಿನಾಗ. ಆ ಊರಾಗ ಕೂತಾಗಷ್ಟ ಆಕಿ ಬಾಯಾಗ ಕನ್ನಡ ಬರ್ತೈತಿ. 'ಅವ್ವಾ, ಇಲ್ಲಿ ಕಟ್ಟಿ ಕಟ್ಟೋಣು, ಅಲ್ಲಿ ಗಿಡ ಹಚ್ಚೋಣು' ಅಂತಾಳ. ಆ ಊರು ಹೋತಂದ್ರ ನನಗ ಆಕಿ ಕೂಡ ಮಾತೇ ಉಳ್ಯಂಗಿಲ್ಲ ನೋಡ್ರಿ."

ಟ್ರಾನ್ಸ್‌ಫರ್ ಸುದ್ದಿ ಬಂದಾಗಿನಿಂದ ಮಗಳು ಮುಖ ಊದಿಸಿಕೊಂಡಿದ್ದಳಂತೆ. ಅಂದೂ ಅಂಗಡಿಗೆ ಬಂದಿದ್ದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬೇಡವೇ ಬೇಡದ ಕ್ರಿಕೆಟ್ ಆಟದ ಡಬ್ಬಿಯನ್ನು ಓದುತ್ತ ನಿಂತಿದ್ದಳು.

ಎರಡು ಮನೆ, ಎರಡು ಯಂತ್ರ, ಒಂದು ಊರು. ದ್ವೀಪದ ಮನೆಗೆ ನೆಟ್ ಇಲ್ಲ. ಡಿಸ್ಕೋ ಡೌನ್‌ಲೋಡೋ? ನಾನು ತಂತಿ ಕಿತ್ತು ನೋಡಿದೆ. ಬಳಸಿದ ಒಂದು ಯಂತ್ರ, ಆಟದ ಇನ್ನೊಂದು ಡಿಸ್ಕ್, ಮೇಘಾ ಪೆನ್‌ಡ್ರೈವಿನಲ್ಲಿ ತುಂಬಿ ತಂದ ಪ್ಯಾರಲಪುರ. ತೆರೆಯಲಿಲ್ಲ. ಊರನ್ನು ಕಟ್ಟಿದ್ದು ಅಪ್‌ಡೇಟ್ ಆದ ಹೊಸ ಆವೃತ್ತಿಯಲ್ಲಿ, ಡಿಸ್ಕಿನಲ್ಲಿದ್ದದ್ದು ಹಳೆಯದು. ತಂತಿ ಚುಚ್ಚಿ ಅಪ್‌ಡೇಟ್ ತುಂಬಿಸಿ, ಮತ್ತೆ ಕಿತ್ತು ನೋಡಿದೆ. ಪರದೆಯ ಮೇಲೆ ಕೆರೆ ಕಂಡಿತು, ಸಂತೆ ಕಂಡಿತು. ಕ್ರಿಕೆಟ್ ಡಬ್ಬಿಯ ಹಿಂದಿನಿಂದ ಎರಡು ಕಣ್ಣು ಇಣುಕಿದವು.

ಹೀಗೆ ಏರ್ಪಾಡಾಯಿತು. ಎರಡೂ ಕಡೆ ಒಂದೇ ಖಾತೆ, ಒಂದೊಂದು ಡಿಸ್ಕ್. ತಾಯಿ ಸ್ವಲ್ಪ ಕಟ್ಟಿ ಪೆನ್‌ಡ್ರೈವನ್ನು ಹಡಗಿನಲ್ಲಿ ಬರುವವರ ಕೈಯಲ್ಲಿ ಎರ್ನಾಕುಲಂ ಅಂಗಡಿಗೆ ಕಳಿಸುವುದು. ಕುರಿಯಚ್ಚನ್ ಚೇಟನ್ ನಮ್ಮ ಶಾಖೆಗೆ ಬರುವ ಸ್ಟಾಕಿನ ಪೆಟ್ಟಿಗೆಯಲ್ಲಿ ಅದನ್ನು ಹಾಕುವುದು. ಮೇಘಾ ನನ್ನಿಂದ ಒಯ್ದು, ತಾನು ಕಟ್ಟಬೇಕಾದ್ದನ್ನು ಕಟ್ಟಿ, ಅದೇ ದಾರಿಯಲ್ಲಿ ವಾಪಸು ಕಳಿಸುವುದು. "ನಿನ್ನ ಯಂತ್ರವನ್ನು ಇನ್ನು ಅಪ್‌ಡೇಟ್ ಮಾಡಬೇಡ ಮೋಳೆ. ನೀನು ಮುಂದೆ ಹೋದರೆ ಅಮ್ಮ ಹಿಂದೆ ಉಳಿಯುತ್ತಾರೆ" ಎಂದು ಹೇಳಿದ್ದೆ. ತಲೆಯಾಡಿಸಿದ್ದಳು.

ಕೆಲವು ತಿಂಗಳು ಪ್ಯಾರಲಪುರ ಹಡಗಿನಲ್ಲಿ ಹೋಯಿತು, ಹಡಗಿನಲ್ಲಿ ಬಂತು. ಫೋನಿನಲ್ಲಿ ಮಾತ್ರ ಮೇಘಾ ತಾಯಿಗೆ ಕೊಡುತ್ತಿದ್ದದ್ದು ಮೂರೇ ಉತ್ತರ: ಆ, ಶೆರಿ, ಓಕೆ. ನನ್ನ ಎದುರಿಗೇ ಮಾತಾಡಿ ಫೋನ್ ಇಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪೆನ್‌ಡ್ರೈವ್ ಕೈಗೆ ಬಂದ ಕೂಡಲೇ ಮಾತ್ರ ಓಡುತ್ತಿದ್ದಳು.

ಮಳೆಗಾಲದ ಸುರುವಿನಲ್ಲಿ ಒಂದು ಬೆಳಿಗ್ಗೆ ಶೈಲಜಾ ಫೋನ್ ಮಾಡಿದರು. ದನಿ ಇಳಿದುಹೋಗಿತ್ತು. "ಅಕ್ಕಾರ, ಊರು ತೆರಿವಲ್ತು. ಹೊಸಾ ಆವೃತ್ತಿ ಬೇಕು ಅಂತೈತಿ."

ಸಂಜೆ ಮೇಘಾ ಬಂದಳು. "ಅಪ್‌ಡೇಟ್ ಮಾಡಿದ್ದು ಯಾರು?" ಎಂದು ಕೇಳಿದೆ. ಅವಳು ಮಲಯಾಳದಲ್ಲೇ, ನೆಲ ನೋಡುತ್ತ ಹೇಳಿದಳು: "ನಾನೇ. ಜೆಟ್ಟಿ ಬೇಕಿತ್ತು."

"ಎಂಥ ಜೆಟ್ಟಿ?"

"ದೋಣಿ ನಿಲ್ಲುವ ಕಟ್ಟೆ. ಅದು ಹೊಸ ಅಪ್‌ಡೇಟಿನಲ್ಲಿ ಮಾತ್ರ ಇರುವುದು. ನಮ್ಮ ಊರಿನಲ್ಲಿ ಕೆರೆ ಇತ್ತು, ಜೆಟ್ಟಿ ಇರಲಿಲ್ಲ." ಆಮೇಲೆ, "ಬೇಡ ಚೇಚಿ, ಎಲ್ಲ ಅಳಿಸಿಬಿಡುತ್ತೇನೆ. ಅಮ್ಮ ಅಲ್ಲಿ ಬೇರೆ ಊರು ಮಾಡಿಕೊಳ್ಳಲಿ, ನಾನು ಇಲ್ಲಿ ಬೇರೆ ಮಾಡಿಕೊಳ್ಳುತ್ತೇನೆ" ಎಂದಳು.

ಇದನ್ನು ಬೈಯುವುದು ಹೇಗೆ? ತಾಯಿ ಇರುವ ಕಡೆಗೆ ದಾರಿ ಮಾಡಲು ಹೋಗಿ ಮಗು ಇದ್ದ ದಾರಿಯನ್ನೇ ಮುಚ್ಚಿಕೊಂಡಿತ್ತು. ಹಳೆಯ ಪ್ರತಿ ತೆರೆದರೆ ಜೆಟ್ಟಿ ಇರುವುದಿಲ್ಲ. ಹೊಸದು ಬೇಕೆಂದರೆ ದ್ವೀಪದ ನೆಟ್ಟಿನಲ್ಲಿ ಆ ಅಪ್‌ಡೇಟ್ ಇಳಿಯುವ ಹೊತ್ತಿಗೆ ಮೇಘಾಳ ಮದುವೆಯೇ ಆಗಿಹೋಗುತ್ತಿತ್ತು. ಶೈಲಜಾಗೆ ಫೋನ್ ಮಾಡಿ, "ಹಳೆಯದು ಸಾಕೇ?" ಎಂದು ಕೇಳಿದೆ.

"ಬ್ಯಾಡ್ರಿ," ಅಂದರು. "ಆಕಿ ಏನ್ ಕಟ್ಯಾಳೋ ಅದು ಬೇಕು."

ಕುರಿಯಚ್ಚನ್ ಚೇಟನ್‌ಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು: "ನೆಟ್ ಅಲ್ಲಿಗೆ ಹೋಗುವುದಿಲ್ಲ. ಹಡಗು ಹೋಗುತ್ತದಲ್ಲ? ಡೌನ್‌ಲೋಡನ್ನೇ ಹಡಗು ಹತ್ತಿಸುವ."

ಆ ಯಂತ್ರಕ್ಕೆ ಹೊರಗಿನಿಂದ ಒಂದು ಹಾರ್ಡ್‌ಡಿಸ್ಕ್ ಚುಚ್ಚಬಹುದು, ಆಟವನ್ನು ಅದರೊಳಗೇ ತುಂಬಿಸಿಡಬಹುದು. ಎರ್ನಾಕುಲಂನಲ್ಲಿ ಅಪ್‌ಡೇಟ್ ಸಮೇತ ಇಡೀ ಆಟವನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ ಕಳಿಸುವುದು, ಅಲ್ಲಿ ಬೀಗದ ಕೈಯಾಗಿ ಡಿಸ್ಕ್ ಹೇಗೂ ಇದೆ. ಚೇಟನ್ ಮೊದಲು ಆಡಿಸಿ ನೋಡಲೆಂದು ಮೇಘಾ ಪೆನ್‌ಡ್ರೈವಿನಲ್ಲಿ ಊರಿನ ಇನ್ನೊಂದು ಪ್ರತಿ ಮಾಡಿಕೊಟ್ಟಳು. ಬೆಳಗಿನ ರೈಲಿನ ಪಾರ್ಸೆಲಿನಲ್ಲಿ ಅದನ್ನು ಕಳಿಸಿದೆ. ಚೇಟನ್ ಹಾರ್ಡ್‌ಡಿಸ್ಕನ್ನು ಒಂದು ಯಂತ್ರದಲ್ಲಿ ತುಂಬಿಸಿ, ಇನ್ನೊಂದು ಯಂತ್ರಕ್ಕೆ ಹಚ್ಚಿ, ಡಿಸ್ಕ್ ಹಾಕಿ, ತಂತಿ ಕಿತ್ತರು. ಆಮೇಲೆ ಫೋನಿನಲ್ಲಿ ಅವರ ಗಂಟಲು ಕೇಳಿತು: "ಜಲಜೇ, ಊರು ಕಾಣ್ತಾ ಉಂಟು! ಸಂತೆ ಉಂಟು, ಕತ್ತೆ ಉಂಟು!"

"ಜೆಟ್ಟಿ?"

"ಅದನ್ನು ನಾನು ನೋಡಲಿಲ್ಲ. ಮೊದಲು ನೋಡಬೇಕಾದವರು ಬೇರೆ ಇದ್ದಾರೆ." ಸಿಟ್ಟಿನ ಮನುಷ್ಯ, ಆದರೆ ಇಂಥ ಜಾಗದಲ್ಲಿ ಹೆಜ್ಜೆ ತಪ್ಪುತ್ತಿರಲಿಲ್ಲ.

ಒಯ್ಯುವವರು ಯಾರು? ಶಾಲೆಯ ಸಾಮಾನಿಗೆಂದು ಕೋಯ ಮಾಷ್ ಕೊಚ್ಚಿಯಲ್ಲೇ ಇದ್ದರು, ಶೈಲಜಾ ಇದ್ದ ದ್ವೀಪವೇ ಅವರದ್ದು. ಹಾರ್ಡ್‌ಡಿಸ್ಕನ್ನು ಚೀಲದಲ್ಲಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ, ಅದನ್ನು ಅಂಗಿಗಳ ನಡುವೆ ಇಟ್ಟುಕೊಂಡರಂತೆ. "ಒಂದು ಇಡೀ ಊರನ್ನು ಹೊತ್ತುಕೊಂಡು ಹೋಗುತ್ತಿದ್ದೇನೆ, ನನಗೆ ಟಿಕೆಟ್ ಒಂದೇ" ಎಂದು ಹಡಗು ಹತ್ತುವ ಮೊದಲು ಫೋನ್ ಮಾಡಿ ನಕ್ಕರು. ಮಳೆಯಿಂದಾಗಿ ಹಡಗು ತಡವಾಯಿತು. ಆ ದಿನಗಳಲ್ಲಿ ಮೇಘಾ ಶಾಲೆ ಬಿಟ್ಟ ಮೇಲೆ ದಿನಾ ಅಂಗಡಿಗೆ ಬಂದು, ಏನೂ ಕೇಳದೆ, ನನ್ನ ಮುಖ ನೋಡಿ ಹೋಗುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅವಳು ಇದ್ದಾಗಲೇ ಶೈಲಜಾ ಕರೆ ಬಂತು. ಹಾರ್ಡ್‌ಡಿಸ್ಕ್ ಕೈಸೇರಿದೆ, ಹೇಗೆ ಹಚ್ಚುವುದು ಹೇಳಿ ಎಂದು. ಕೈಯಲ್ಲಿ ಗಿರಾಕಿಯ ಡಬ್ಬಿ ಇತ್ತು, ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟೆ. ಮೇಘಾ ಮತ್ತೆ ಕ್ರಿಕೆಟ್ ಡಬ್ಬಿ ಕೈಗೆತ್ತಿಕೊಂಡಳು. ಹಾರ್ಡ್‌ಡಿಸ್ಕ್ ಚುಚ್ಚಿದ್ದಾಯಿತು, ಡಿಸ್ಕ್ ಹಾಕಿದ್ದಾಯಿತು, ಪೆನ್‌ಡ್ರೈವಿನಿಂದ ಊರನ್ನು ಎತ್ತಿಕೊಂಡದ್ದಾಯಿತು.

"ತೆರೀತ್ರಿ ಅಕ್ಕಾರ!" ಅಂದರು ಶೈಲಜಾ. "ಸಂತಿ ಐತಿ... ಗಿರಣಿ ಐತಿ... ಅಯ್ಯ, ಕೆರಿ ದಂಡಿಗೆ ಏನೋ ಹೊಸಾದು ಕಟ್ಯಾಳ. ದೋಣಿ ನಿಂತಾವ." ಬಟನ್ ಒತ್ತುವ ಸದ್ದು ಕೇಳಿಸಿತು. "ಅಲ್ಲಿಂದ ಮನೀ ಮಟ ಒಂದು ಹೊಸಾ ಓಣಿ ಮಾಡ್ಯಾಳ್ರಿ. ಓಣಿಗಿ ಏನ್ ಹೆಸರಿಟ್ಟಾಳ ಗೊತ್ತೇನ್ರಿ? 'ಅವ್ವ ಬರೋ ದಾರಿ' ಅಂತ."

ಅಂಗಡಿಯಲ್ಲಿದ್ದ ಗಿರಾಕಿಗೆ ಕನ್ನಡ ಬಾರದು. ಆದರೂ ಅವನು ಬದಿಗೆ ಸರಿದು ಮೇಘಾಳಿಗೆ ಜಾಗ ಬಿಟ್ಟ.

ಮೇಘಾ ಡಬ್ಬಿಯನ್ನು ಕಪಾಟಿನಲ್ಲಿಟ್ಟಳು, ಬಂದಳು, ಫೋನಿಗೆ ಬಾಗಿದಳು. ಅಪ್ಪಟ ಧಾರವಾಡದ ದನಿ, ಅದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಕಾಣೆ:

"ಅವ್ವಾ, ಜೆಟ್ಟಿ ಮುಂದ ಮನಿ ಗಿನಿ ಕಟ್ಟಬ್ಯಾಡ ಮತ್ತ. ಅಲ್ಲಿ ಬಸ್ ಸ್ಟ್ಯಾಂಡ್ ಮಾಡೋಣು."

"ಇಷ್ಟ್ ಸಣ್ಣ ಊರಿಗೆ ಬಸ್ ಸ್ಟ್ಯಾಂಡ್ ಯಾಕಲೇ?"

"ನೀ ಇಳದ ಮ್ಯಾಲ ನಡಕೋಂತ ಬರ್ತಿ ಏನ? ಮಣಕಾಲ್ ನೂಸ್ತಾವ ಅಂತಿದ್ದೆಲ್ಲ!"

"ಅಯ್ಯ, ನೆನಪೈತೇನ ನಿನಗ?"

ಫೋನನ್ನು ಸ್ಪೀಕರಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಕಿವಿಗೆ ಹಚ್ಚಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವಳ ಮಾತು ಮುಗಿಯಲಿಲ್ಲ. ಊರಿನ ಮಾತು ಮುಗಿದು ಶಾಲೆಯ ಮಾತಿಗೆ ಬಂದಿದ್ದಳು, ಅಪ್ಪ ಮಾಡಿದ ಸಾರಿನ ಬಗ್ಗೆ ದೂರು ಹೇಳುತ್ತಿದ್ದಳು, ಎಲ್ಲವೂ ಕನ್ನಡದಲ್ಲೇ.

ಈಗ ದ್ವೀಪಕ್ಕೂ ಸಮುದ್ರದ ಅಡಿಯಿಂದ ಕೇಬಲ್ ಬಂದಿದೆ. ಹಸಿರು ಚುಕ್ಕಿ ಕೇಳುವವರು ಕಡಿಮೆಯಾಗಿದ್ದಾರೆ, ಡಿಸ್ಕುಗಳ ಕಪಾಟು ಚಿಕ್ಕದಾಗಿದೆ. ಅದಕ್ಕೆ ನಾನು ಮರುಗುವುದಿಲ್ಲ. ನಾವು ಮಾರುತ್ತಿದ್ದದ್ದು ಡಿಸ್ಕನ್ನೂ ಅಲ್ಲ, ಡೌನ್‌ಲೋಡನ್ನೂ ಅಲ್ಲ. ಮನೆಯಲ್ಲಿ ಕಾಯುತ್ತಿರುವವರ ಮುಂದೆ ಅದು ತೆರೆಯಬೇಕು, ಅಷ್ಟೇ. ತೆರೆಯುತ್ತದೆ ಎಂದು ನಿಮಗೆ ಖಾತ್ರಿ ಆಗುವವರೆಗೆ ಗಿರಾಕಿಯ ಕೈಗೆ ಕೊಡಬೇಡಿ. ಖಾತ್ರಿ ಆದ ಮೇಲೆ ಎದೆ ತಟ್ಟಿ ಕೊಡಿ.

ವೀಣಾ, ನಿನ್ನ ಅಂಗಡಿಯ ನೆಟ್ಟಿನ ತಂತಿ ಎಲ್ಲಿ ಚುಚ್ಚಿದೆ ಎಂದು ನಾಳೆ ನೋಡಿಟ್ಟುಕೋ.

ಅಂದು ಅಂಗಡಿಯ ಎದುರು ಮೂರನೆಯ ಬಸ್ಸು ಬಂದಾಗ ಮೇಘಾ ಓಡಿಬಂದು ಫೋನ್ ನನ್ನ ಕೈಗಿಟ್ಟು, ಹಾಗೆಯೇ ಓಡಿ ಹತ್ತಿದಳು. ನೋಡಿದರೆ, ದಿನಾ ಜೊತೆಗೇ ಹೊತ್ತು ತಿರುಗುತ್ತಿದ್ದ ಊರಿನ ಪೆನ್‌ಡ್ರೈವ್ ಕೌಂಟರಿನ ಮೇಲೆಯೇ ಬಿದ್ದಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ, ಅಮ್ಮನ ಜೊತೆ ಮಾತಾಡಲು ಅವಳಿಗೆ ಇನ್ನು ಅದು ಬೇಕಿರಲಿಲ್ಲ.